ಸ್ಪಷ್ಟನೆ: ‘ಶಾರ್ಪ್ಸ್ ಟೈಗರ್’ ಸರಣಿಯಲ್ಲಿ ಮೊದಲು ಪ್ರಕಟವಾದ ಪುಸ್ತಕವಲ್ಲ

ಇಂಗ್ಲಿಷ್ ಕಾದಂಬರಿಕಾರ ಬರ್ನಾರ್ಡ್ ಕಾರ್ನ್‌ವೆಲ್ ಅವರ, ಶಾರ್ಪ್ ಎಂಬ ಬ್ರಿಟಿಷ್ ಸೈನಿಕನ ಕುರಿತ ಕಾದಂಬರಿ ಸರಣಿಯಲ್ಲಿ ‘ಶಾರ್ಪ್ಸ್ ಟೈಗರ್’ ಮೊದಲನೆಯದು, ಆದ್ದರಿಂದ ಅದರ ಮೊದಲ ಮುದ್ರಣವೇ ಎಲ್ಲಕ್ಕಿಂತ ಅಪರೂಪದ್ದು ಎಂಬ ಸಂದೇಶವು ಪುಸ್ತಕ ಸಂಗ್ರಾಹಕರ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ನಾನೇ ಅವಸರದಲ್ಲಿ ಬರೆದಿದ್ದ ಟಿಪ್ಪಣಿ ಅದಕ್ಕೆ ಮೂಲ, ಅದು ತಪ್ಪು.

1799ರ ಶ್ರೀರಂಗಪಟ್ಟಣದ ಮುತ್ತಿಗೆಯ ಹಿನ್ನೆಲೆಯಲ್ಲಿ, 33ನೆಯ ರೆಜಿಮೆಂಟಿನ ಸಾಮಾನ್ಯ ಸಿಪಾಯಿಯಾಗಿದ್ದ ಶಾರ್ಪ್‌ನನ್ನು ಚಿತ್ರಿಸುವ ಈ ಕಾದಂಬರಿ ಕಥೆಯ ಕಾಲಾನುಕ್ರಮದಲ್ಲಷ್ಟೇ ಮೊದಲನೆಯದು. ಅದು ಪ್ರಕಟವಾದದ್ದು 1997ರಲ್ಲಿ. ಸರಣಿ ಆರಂಭವಾದದ್ದು 1809ರಲ್ಲಿ ಸ್ಪೇನಿನಲ್ಲಿ ನಡೆದ ತಲವೇರಾ ಕದನವನ್ನು ಕುರಿತ, 1981ರಲ್ಲಿ ಕಾಲಿನ್ಸ್ ಸಂಸ್ಥೆ ಹೊರತಂದ ‘ಶಾರ್ಪ್ಸ್ ಈಗಲ್’ ಮೂಲಕ. ಅದು ಲೇಖಕರ ಚೊಚ್ಚಲ ಕಾದಂಬರಿಯೂ ಹೌದು. ಸಂಗ್ರಾಹಕರು ಹೆಚ್ಚಾಗಿ ಅರಸುವುದು ಅದನ್ನೇ. ಶ್ರೀರಂಗಪಟ್ಟಣದ ಹೆಸರು ಕಂಡೊಡನೆ ನಮ್ಮ ನೆಲದ ಕಥೆಯೆಂಬ ಅಭಿಮಾನದಲ್ಲಿ ನಾನು ಇಸವಿಯನ್ನೇ ನೋಡಲಿಲ್ಲ.

ಕೈಯಲ್ಲಿರುವ ಪ್ರತಿ ಮೊದಲ ಮುದ್ರಣವೇ ಎಂಬುದರ ಪರಿಶೀಲನೆ ಕಷ್ಟವಲ್ಲ. ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಹಕ್ಕುಸ್ವಾಮ್ಯದ ವಿವರದ ಜೊತೆಗೆ ಮೊದಲು ಪ್ರಕಟವಾದ ವರ್ಷವಿರುತ್ತದೆ. ಆದರೆ ಆ ವರ್ಷ ಮರುಮುದ್ರಣಗಳಲ್ಲೂ ಹಾಗೆಯೇ ಉಳಿಯುವುದರಿಂದ ಅದೊಂದನ್ನೇ ನಂಬುವಂತಿಲ್ಲ. ಅದರ ಕೆಳಗೆ ಮರುಮುದ್ರಣದ ಉಲ್ಲೇಖವಿದೆಯೇ ಎಂದು ನೋಡಬೇಕು. ಈಚಿನ ಪುಸ್ತಕಗಳಲ್ಲಿ ಅಂಕೆಗಳ ಸಾಲೊಂದು ಇದ್ದರೆ, ಅದರಲ್ಲಿರುವ ಅತಿ ಚಿಕ್ಕ ಅಂಕೆಯೇ ಸಾಮಾನ್ಯವಾಗಿ ಮುದ್ರಣದ ಸಂಖ್ಯೆ. ಹೊದಿಕೆಯ ಒಳಮಡಿಕೆಯಲ್ಲಿ ಬೆಲೆಯೇ ಇಲ್ಲದಿದ್ದರೆ ಅದು ಬುಕ್ ಕ್ಲಬ್ ಪ್ರತಿ, ಅಂದರೆ ಓದುಗರ ಕ್ಲಬ್ಬಿನ ಸದಸ್ಯರಿಗಾಗಿ ಪ್ರತ್ಯೇಕವಾಗಿ ಅಚ್ಚಾದ ಪ್ರತಿ ಆಗಿರುವ ಸಾಧ್ಯತೆಯುಂಟು. ಆ ಮಡಿಕೆಯ ಮೂಲೆ ಕತ್ತರಿಸಿದ್ದರೆ ಮಾತ್ರ ಯಾರೋ ಉಡುಗೊರೆ ಕೊಡುವಾಗ ಬೆಲೆ ತೆಗೆದಿರಲೂಬಹುದು.

ದಯವಿಟ್ಟು ಹಳೆಯ ಸಂದೇಶವನ್ನು ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ತಲುಪಿಸಿ.