ಕಂಪನಿಗಳೇ, ಮೂರು ದಿನ ತಡೆಯಿರಿ

ಯಾರೋ ರಾತ್ರಿ ಸಾಮಾಜಿಕ ಜಾಲತಾಣದಲ್ಲಿ ಏನೋ ಗೀಚುತ್ತಾರೆ. ಬೆಳಗಾಗುವಷ್ಟರಲ್ಲಿ ಅದರ ಸ್ಕ್ರೀನ್‌ಶಾಟ್ ಎಲ್ಲೆಲ್ಲೂ ಓಡಾಡಿರುತ್ತದೆ. ಲಿಂಕ್ಡ್‌ಇನ್ ಜಾಲಾಡಿ ಅವರ ಕಂಪನಿ ಯಾವುದು ಅಂತ ಪತ್ತೆ ಹಚ್ಚುತ್ತಾರೆ. ಆಮೇಲೆ ಕಂಪನಿಯನ್ನೇ ಟ್ಯಾಗ್ ಮಾಡಿ, 'ಇಂಥವರನ್ನು ಯಾಕೆ ಇಟ್ಟುಕೊಂಡಿದ್ದೀರಿ?' ಅನ್ನುವ ಗದ್ದಲ. ಮಧ್ಯಾಹ್ನಕ್ಕೆ ಕಂಪನಿಯ ಹೇಳಿಕೆ ಬರುತ್ತದೆ: 'ಆ ವ್ಯಕ್ತಿ ಈಗ ನಮ್ಮಲ್ಲಿಲ್ಲ.' ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗಾಯಿತು.

ನಾನಿರುವ ಜರ್ಮನಿಯಲ್ಲಿ ಇದು ಇಷ್ಟು ಸಲೀಸಲ್ಲ. ಬೈಯುವವರು ಇಲ್ಲೂ ಕಮ್ಮಿ ಇಲ್ಲ ಬಿಡಿ. ಆದರೆ 10ಕ್ಕಿಂತ ಜಾಸ್ತಿ ಜನರಿರುವ ಕಡೆ, 6 ತಿಂಗಳು ದಾಟಿದ ನೌಕರರನ್ನು ತೆಗೆಯಲು ಕಾನೂನು ಒಪ್ಪುವ ಕಾರಣ ಬೇಕು. ಸಾಮಾನ್ಯವಾಗಿ ಮೊದಲು ಎಚ್ಚರಿಕೆ ಕೊಡಬೇಕು. ನೌಕರರೇ ಆರಿಸಿದ ಸಮಿತಿ ಇದ್ದರೆ ಅದನ್ನು ಕೇಳದೆ ತೆಗೆದರೆ ಆ ವಜಾ ನಿಲ್ಲುವುದಿಲ್ಲ. ತೀರಾ ಕೆಟ್ಟ ಪೋಸ್ಟ್‌ಗೆ ಇಲ್ಲೂ ಎಚ್ಚರಿಕೆ ಇಲ್ಲದೆ ಕೆಲಸ ಹೋಗಬಹುದು. ಆಗಲೂ ಉತ್ತರ ಕೊಡಲು ಸಮಿತಿಗೆ 3 ದಿನ ಸಿಗುತ್ತದೆ. ನನಗೆ ಇಷ್ಟವಾಗುವುದು ಈ 3 ದಿನವೇ. ಖಾತೆ ನಕಲಿಯಾ, ಹೆಸರು ಒಂದೇ ಅಂತ ಬೇರೆ ಯಾರನ್ನೋ ಹಿಡಿದಿದ್ದಾರಾ, ಪೂರ್ತಿ ಮಾತು ಏನಿತ್ತು, ಎಲ್ಲ ನೋಡಲು ಅಷ್ಟು ಸಾಕು.

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಕಾರಣ ಹೇಳದೆಯೂ ತೆಗೆಯಬಹುದು. ಅಲ್ಲಿನ ಸಂವಿಧಾನ ಕೊಟ್ಟ ವಾಕ್ ಸ್ವಾತಂತ್ರ್ಯ ಸರ್ಕಾರದ ಕೈ ಕಟ್ಟುತ್ತದೆ, ಖಾಸಗಿ ಕಂಪನಿಯದ್ದಲ್ಲ. ನಮ್ಮ ದೇಶದ ಕಥೆ ಇನ್ನೂ ವಿಚಿತ್ರ. ಆರೋಪ ಬಂದರೆ ನೋಟಿಸ್, ವಿಚಾರಣೆ ಎಲ್ಲ ಕಾರ್ಮಿಕರಿಗೆ ಉಂಟು. ಖಾಸಗಿ ಕಂಪನಿಯ ಮ್ಯಾನೇಜರ್‌ಗೆ ಹೆಚ್ಚಾಗಿ ತಾನು ಸಹಿ ಹಾಕಿದ ಕರಾರೇ ಗತಿ. ಸಂಬಳ ಜಾಸ್ತಿ, ರಕ್ಷಣೆ ಕಮ್ಮಿ!

ಹಾಗಂತ ಯಾರನ್ನೂ ತೆಗೆಯಲೇಬಾರದು ಅನ್ನುತ್ತಿಲ್ಲ. 'ಇಂಥ ಜಾತಿಯವರನ್ನು ಮುಟ್ಟಲ್ಲ' ಅಂತ ಬರೆದ ನರ್ಸ್ ಕೈಗೆ ರೋಗಿಯನ್ನು ಒಪ್ಪಿಸುವುದು ಹೇಗೆ? ಅದು ಅವರ ಕೆಲಸಕ್ಕೇ ಅಂಟಿದ ಮಾತು. ಯಾವುದೋ ನಾಯಕನ ಮೇಲೆ ಕೆಟ್ಟ ಜೋಕ್ ಹಾಕಿದ ಅಕೌಂಟೆಂಟ್ ವಿಷಯ ಬೇರೆ, ಅಲ್ವಾ? ಅವನ ಲೆಕ್ಕ ಸರಿಯಿದ್ದರೆ ಕಂಪನಿಗೇನು ಕಷ್ಟ? ಗಿರಾಕಿ ಕೈಬಿಟ್ಟು ಹೋಗುತ್ತಾರೆ ಅನ್ನುವ ಭಯವೇ ಜಾಸ್ತಿ. 'ದೂರು ಬಂದಿದೆ, ವಿಚಾರಿಸುತ್ತಿದ್ದೇವೆ' ಅಂತ ಒಂದು ಸಾಲು ಹಾಕಿ ಸುಮ್ನಿದ್ದು ನೋಡಲಿ. ಸೋಮವಾರದ ಗುಂಪಲ್ಲಿ ಎಷ್ಟು ಜನ ಗುರುವಾರ ಉತ್ತರ ಕೇಳಲು ಬರುತ್ತಾರೋ ಎಣಿಸಲಿ.