ಬಾಣಂತಿ ಇಲ್ಲದ ಮನೆಯಲ್ಲಿ ಅಂಟಿನುಂಡಿ

ಇವತ್ತು ಮಧ್ಯಾಹ್ನ ಎರಡಕ್ಕೆ ಮನೆಗೆ ಬಂದೆ. ರಾಯಚೂರು, ಮೇ ತಿಂಗಳು. ಇಷ್ಟು ಹೇಳಿದರೆ ಸಾಕು, ಅಲ್ವಾ? ಹೆಲ್ಮೆಟ್ ತೆಗೆದಾಗ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗಾಯಿತು. ಮಜ್ಜಿಗೆಗೆ ಎರಡು ತುಂಡು ಐಸ್ ಹಾಕಿಕೊಂಡು ಕುಡಿಯೋಣ ಅಂತ ಫ್ರೀಜರ್ ತೆಗೆದೆ. ಐಸ್ ಟ್ರೇ ಇಲ್ಲ. ಅದರ ಜಾಗದಲ್ಲಿ ಒಂದು ಲೀಟರಿನ ಆರು ಬಾಟಲಿಗಳು ಕಲ್ಲಾಗಿ ಮಲಗಿವೆ. ಒಂದೊಂದರ ಮೇಲೂ ಬಿಳಿ ಟೇಪು. ಟೇಪಿನ ಮೇಲೆ ನನ್ನದೇ ಅಕ್ಷರ: 'ಮೊಲದ್ದು. ಮುಟ್ಟಬಾರದು.'

ನನ್ನದೇ ಅಕ್ಷರವಾದ್ದರಿಂದ ಯಾರನ್ನೂ ಬೈಯುವ ಹಾಗಿಲ್ಲ. ಹಾಗೇ ಬಿಸಿ ಮಜ್ಜಿಗೆ ಕುಡಿದೆ.

ನಮ್ಮ ಮನೆಯ ಈಗಿನ ವ್ಯವಸ್ಥೆ ಹೀಗಿದೆ. ಪಡಸಾಲೆಯಲ್ಲಿ ಮೊಲಗಳು, ಅವುಗಳ ಎದುರಿಗೆ ಕೂಲರ್. ನಾವು ಮಾಳಿಗೆ ಮೇಲೆ, ನಮ್ಮ ಎದುರಿಗೆ ಸೊಳ್ಳೆ. ಮೊದಲು ಮೊಲಗಳೇ ಮೇಲಿದ್ದವು, ತಗಡಿನ ಶೆಡ್ಡಿನಲ್ಲಿ. ಮಾರ್ಚ್ ಕಳೆಯುವ ಹೊತ್ತಿಗೆ ಆ ತಗಡಿನ ಮೇಲೆ ರೊಟ್ಟಿ ಬೇಯಿಸಬಹುದಿತ್ತು. ಕೆಳಗೆ ತಂದೆವು. ಪಂಜರಗಳ ಮೇಲೆ ದಿನಕ್ಕೆ ನಾಲ್ಕು ಸಲ ಒದ್ದೆ ಗೋಣಿಚೀಲ ಹಾಕುತ್ತೇನೆ. ಬಾಟಲಿ ಒಳಗಿಟ್ಟರೆ ಅದಕ್ಕೆ ಹೊಟ್ಟೆ ಒತ್ತಿಕೊಂಡು ಉದ್ದಕ್ಕೆ ಮಲಗುತ್ತವೆ. ಒಂದು ಕಾಲು ಮೈಯಡಿಗೆ ಹೋಗಿ ಮೂರೇ ಕಾಣುತ್ತವೆ. ಆಗ ನೋಡೋಕೆ ಬಂದವರೆಲ್ಲ ತಪ್ಪದೆ ಆ ಗಾದೆ ಹೇಳಿ ನಗುತ್ತಾರೆ. ನಾನೂ ಈಗಲೇ ಮೊದಲ ಸಲ ಕೇಳಿದವನ ಹಾಗೆ ನಗುತ್ತೇನೆ. ಇಲ್ಲಿಯವರೆಗೆ ಹದಿನಾಲ್ಕು ಸಲ ನಕ್ಕಿದ್ದೇನೆ.

"ಮುಂದಿನ ಜನ್ಮದಾಗ ನಿಮ್ಮ ಮನಿ ಮೊಲ ಆಗಿ ಹುಟ್ತೀನ್ರಿ" ಅಂತ ನನ್ನ ಹೆಂಡತಿ ಸೊಳ್ಳೆ ಹೊಡೆಯುತ್ತ ಹೇಳುತ್ತಾಳೆ. ಸಿಟ್ಟಲ್ಲಿ ಅಲ್ಲ, ಶಾಂತವಾಗಿ ಹೇಳುತ್ತಾಳೆ. ಅದೇ ಹೆದರಿಕೆ.

ಶುರುವಾಗಿದ್ದು ಒಂದು ನೋಟ್‌ಬುಕ್ಕಿನಿಂದ. ಸಂಕ್ರಾಂತಿಯ ತಂಪಿನಲ್ಲಿ ಗೆಳೆಯನೊಬ್ಬ ಹೇಳಿದ, ಮೊಲದ ಬಸಿರು ಬರೀ 31 ದಿನ, ಸಲಕ್ಕೆ ಆರು ಮರಿ ಗ್ಯಾರಂಟಿ ಅಂತ. ನಾನು ಲೆಕ್ಕ ಹಾಕಿದೆ. ಎರಡು ಹೆಣ್ಣು, ಸಲಕ್ಕೆ ಆರು, ವರ್ಷಕ್ಕೆ ಐದು ಸಲ. 60 ಮರಿ! ಆ ಮರಿಗಳು ಮತ್ತೆ ಮರಿ ಹಾಕಿದರೆ ಎಷ್ಟು ಅಂತ ಗುಣಿಸುತ್ತ ಹೋಗಿ ಪುಟ ಮುಗಿದ ಮೇಲೆ ನಿಲ್ಲಿಸಿದೆ. ಆ ನೋಟ್‌ಬುಕ್ಕಿನಲ್ಲಿ ಬಿಸಿಲಿಗೆ ಒಂದು ಕಾಲಂ ಇರಲಿಲ್ಲ.

ತಂದಿದ್ದು ನ್ಯೂಜಿಲೆಂಡ್ ವೈಟ್ ತಳಿ. ಹೆಸರು ನ್ಯೂಜಿಲೆಂಡ್, ತಳಿ ಬೆಳೆಸಿದ್ದು ಅಮೆರಿಕದಲ್ಲಿ, ಬೆವರೋಕೆ ಬಂದಿದ್ದು ರಾಯಚೂರಿಗೆ. ಪಾಪ, ಅದಕ್ಕೆ ಬೆವರೋಕೂ ಬರುವುದಿಲ್ಲ. ಮೈಯ ಕಾವೆಲ್ಲ ಹೆಚ್ಚಾಗಿ ಕಿವಿಯಿಂದಲೇ ಹೋಗಬೇಕು. ಹೊರಗಿನ ಗಾಳಿಯೇ 42 ಡಿಗ್ರಿ ಇದ್ದರೆ ಎರಡು ಕಿವಿ ಏನು ಮಾಡಿಯಾವು? ಸರ್ಕಾರದವರು ಮೊಲದ ಸಂಶೋಧನೆಗೆ ಕೊಡೈಕೆನಾಲ್ ಬೆಟ್ಟದ ಮೇಲೆ ಮನ್ನವನೂರನ್ನು ಆರಿಸಿಕೊಂಡಿದ್ದಾರೆ. ಸುಮ್ನೆ ಆರಿಸಿಕೊಂಡಿರಲಿಕ್ಕಿಲ್ಲ ಅಂತ ನನಗೆ ಹೊಳೆದಿದ್ದು ಏಪ್ರಿಲ್ ಮೇಲೆ.

"ಹೊಲದಾಗಿನ ಮೊಲಕ್ಕ ಯಾವ ಕೂಲರ್ ಅದ?" ಅಂತ ಅವ್ವ ಕೇಳಿದಳು. ಅದು ಕಾಡುಮೊಲ, ಇದು ಬೇರೆ ಪ್ರಾಣಿ. ಅದರ ಮರಿಗೆ ಹುಟ್ಟುವಾಗಲೇ ಕೂದಲಿರುತ್ತದೆ, ಕಣ್ಣು ತೆರೆದಿರುತ್ತದೆ. ಇದರ ಮರಿ ಬರಿಮೈಯಲ್ಲಿ ಹುಟ್ಟಿ ಹತ್ತು ದಿನ ಕಣ್ಣೇ ಬಿಡುವುದಿಲ್ಲ ಅಂತೆಲ್ಲ ವಿವರಿಸಿದೆ. ಅವ್ವ ಪೂರ್ತಿ ಕೇಳಿಸಿಕೊಂಡು, "ಹಂಗಾದ್ರ ಅದನ್ನ ಸಾಕಬೇಕಿತ್ತು" ಅಂದಳು. ಅದನ್ನು ಹಿಡಿದರೆ ಜೈಲು ಅಂದೆ. "ಈಗೇನು ಹೊರಗದಿ?" ಅಂದಳು.

ಗಂಡಿಗೆ ಅವ್ವ ಇಟ್ಟ ಹೆಸರು ಸಾವ್ಕಾರ. ತಿಂದು ಮಲಗುವುದು ಬಿಟ್ಟು ಬೇರೆ ಕೆಲಸ ಇಲ್ಲದ್ದಕ್ಕೆ. ಹೆಣ್ಣುಗಳು ಗಂಗಿ, ಗೌರಿ. ಹೆಣ್ಣನ್ನೇ ಗಂಡಿನ ಪಂಜರಕ್ಕೆ ಒಯ್ದು ಬಿಡಬೇಕು. ಗಂಡನ್ನು ಹೆಣ್ಣಿನ ಪಂಜರಕ್ಕೆ ಬಿಟ್ಟರೆ ಒದ್ದು ಓಡಿಸುತ್ತದೆ. ಏಪ್ರಿಲ್ ಮೊದಲ ವಾರ, ಬೆಳಿಗ್ಗೆ ಆರಕ್ಕೆ, ಗಂಗಿಯನ್ನು ಬಿಟ್ಟೆ. ಹತ್ತು ಸೆಕೆಂಡೂ ಆಗಿರಲಿಲ್ಲ. ಸಾವ್ಕಾರ ಕೀರಲು ದನಿ ತೆಗೆದು, ಕಡಿದ ಬಾಳೆಗಿಡದ ಹಾಗೆ ಪಕ್ಕಕ್ಕೆ ಬಿದ್ದುಬಿಟ್ಟ. ಕಾಲು ಚಾಚಿದ್ದಾನೆ, ಕಣ್ಣು ತೆರೆದೇ ಇದೆ. ಬಿಸಿಲು ಬಡಿದು ಹೋಗೇಬಿಟ್ಟ ಅಂತ ನಾನು ಪಕ್ಕದಲ್ಲಿದ್ದ ಕೊಡ ಎತ್ತಿ ಪೂರ್ತಿ ನೀರು ಸುರಿದೆ. ಅವನು ಎದ್ದು ಕೂತು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಕೆಲಸ ಆದ ಮೇಲೆ ಗಂಡು ಮೊಲ ಹಾಗೇ ಬೀಳುತ್ತದಂತೆ. ಅದೇ ಲಕ್ಷಣವಂತೆ. ಅವತ್ತಿನಿಂದ ನಾನು ಕೊಡ ಹಿಡಿದು ಹೋದರೆ ಸಾವ್ಕಾರ ಮೂಲೆ ಸೇರುತ್ತಾನೆ.

ಆದರೆ ಕೆಲಸ ಆಯಿತಲ್ಲ! ಕ್ಯಾಲೆಂಡರಿನಲ್ಲಿ 31 ದಿನ ಎಣಿಸಿ ಗುರುತು ಹಾಕಿದೆ. ಹದಿನೇಳನೇ ದಿನವೇ ಗಂಗಿ ಬಾಯಿತುಂಬ ಒಣಹುಲ್ಲು ಕಚ್ಚಿಕೊಂಡು ಓಡಾಡತೊಡಗಿದಳು. ಎರಡೂ ಕಡೆ ಹುಲ್ಲು ಚಾಚಿ, ಬಯಲಾಟದ ರಾಕ್ಷಸನ ಮೀಸೆ ಹಾಗೆ. ಮರುದಿನ ತನ್ನ ಎದೆಯ ಕೂದಲು ಕಿತ್ತು ಮೂಲೆಗೆ ಹಾಸಿದಳು. ಇದು ಬಹಳ ಬೇಗ ಆಯಿತಲ್ಲ ಅಂತ ನನಗೊಂದು ಅನುಮಾನ. ಅವ್ವನಿಗೆ ಅನುಮಾನ ಅನ್ನುವುದೇ ಇಲ್ಲ. ನೇರ ಫೋನ್ ಎತ್ತಿದಳು.

ಅವ್ವನ ಫೋನಿನ ಬಗ್ಗೆ ಹೇಳಬೇಕು. ಊರು ಎಷ್ಟು ದೂರವೋ ದನಿ ಅಷ್ಟು ಜೋರು ಇರಬೇಕು ಅಂತ ಅವಳ ನಂಬಿಕೆ. ಸಿಂಧನೂರಿಗೆ ಒಂದು ದನಿ, ಸೊಲ್ಲಾಪುರಕ್ಕೆ ಒಂದು. ಪುಣೆಯಲ್ಲಿರುವ ನನ್ನ ತಂಗಿಗೆ ಮಾಡಿದರೆ ನಮ್ಮ ಓಣಿಯ ನಾಯಿಗಳು ಎದ್ದು ಜಾಗ ಬದಲಿಸುತ್ತವೆ. ಎರಡನೆಯದು, ಯಾರು ಯಾವುದು ಅಂತ ಬಿಡಿಸಿ ಹೇಳುವ ರೂಢಿ ಇಲ್ಲ. ತನಗೆ ಗೊತ್ತಿದ್ದ ಮೇಲೆ ಎಲ್ಲರಿಗೂ ಗೊತ್ತಿರಬೇಕು. ಹಾಗಾಗಿ ಅವತ್ತು ಎಂಟು ಊರಿಗೆ ಹೋದ ಸುದ್ದಿ ಇಷ್ಟೇ: "ಗಂಗಿ ಬಸಿರಾಗ್ಯಾಳ. ಹ್ಞೂಂ, ನಮ್ಮ ಮನ್ಯಾಗೇ ಇದ್ದಾಳ. ಸಂಕ್ರಾಂತಿಗೆ ಕರ್ಕೊಂಡು ಬಂದಾನ. ಸೊಸಿ ಏನಂತಾಳ, ಅಕಿನೇ ಹೊತ್ತು ಹೊತ್ತಿಗೆ ಊಟಕ್ಕ ಹಾಕ್ತಾಳ."

ಅರ್ಧ ಗಂಟೆಯಲ್ಲಿ ಪುಣೆಯಿಂದ ತಂಗಿ. "ಅಣ್ಣಾ, ಗಂಗಿ ಯಾರು?" ದನಿ ನಡುಗುತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಹೆಂಡತಿಯ ಫೋನು. ಅತ್ತೆ. ಅವರದು ಪಿಸುದನಿ, ಆದರೆ ಸ್ಪೀಕರ್ ಆನ್ ಇತ್ತು. "ಅಳಬ್ಯಾಡ ತಾಯಿ. ಎಷ್ಟು ದಿನದಿಂದ ನಡದದ ಇದು? ನಿಮ್ಮಪ್ಪ ಬಸ್‌ಸ್ಟ್ಯಾಂಡಿಗೆ ಹೊಂಟಾರ." ನನ್ನ ಹೆಂಡತಿ ಅಳುತ್ತಿರಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಅವರಿಗೆ ಕೇಳಿಸಿದ್ದು ಬಿಕ್ಕಳಿಕೆ. "ಮೊಲ" ಅಂತ ಒಂದು ಮಾತು ಹೇಳೋದಕ್ಕೆ ಅವಳು ತಗೊಂಡ ಸಮಯ ನೋಡಿದರೆ, ಮಾಳಿಗೆ ಮೇಲಿನ ಸೊಳ್ಳೆಗಳ ಲೆಕ್ಕ ಅಲ್ಲೇ ತೀರಿಸಿದಳು ಅನಿಸುತ್ತದೆ. ಮಾವ ಅಷ್ಟರಲ್ಲಿ ಬಸ್ಸಿನಲ್ಲಿ ಸೀಟು ಹಿಡಿದಿದ್ದರು. ಹತ್ತಿದ ಮೇಲೆ ಇಳಿಯುವುದ್ಯಾಕೆ ಅಂತ ಬಂದೇ ಬಂದರು, ಗಂಗಿಯನ್ನು ನೋಡಿ, ಗಾದೆ ಹೇಳಿ ಹೋದರು.

ಅವ್ವ ಅಲ್ಲಿಗೇ ನಿಲ್ಲಲಿಲ್ಲ. ಕುಬಸ ಮಾಡೋಣ ಅಂದಳು, ನಾನು ತಡೆದೆ. ಅಂಟಿನುಂಡಿ ತಡೆಯೋಕೆ ಆಗಲಿಲ್ಲ. ಅಂಟು, ಒಣಕೊಬ್ಬರಿ, ಉತ್ತತ್ತಿ, ತುಪ್ಪ, ಬೆಲ್ಲ. "ಮೊಲಾ ಎಲ್ಲಿ ತಿಂತದ? ನಾವು ತಿನ್ನೂಣು, ಬಾಣಂತಿ ಹೆಸರಿಲೆ" ಅಂದಳು. ಅಂಟು ಉಷ್ಣ, ಮೈಗೆ ಕಾವು ಕೊಡುವ ಪದಾರ್ಥ. ನಾವು ಅದನ್ನು ಏಪ್ರಿಲ್ ಕೊನೆಯಲ್ಲಿ, ಫ್ಯಾನಿಲ್ಲದ ಮಾಳಿಗೆ ಮೇಲೆ ಕೂತು ತಿಂದೆವು. ಮೂರು ದಿನಕ್ಕೆ ಎಲ್ಲರ ಬಾಯಲ್ಲೂ ಹುಣ್ಣು.

31 ಆಯಿತು. 32 ಆಯಿತು. ಟಾರ್ಚ್ ಹಿಡಿದು ರಾತ್ರಿ ಎರಡಕ್ಕೆ ನೋಡಿದೆ. ಗಂಗಿ ತಾನು ಮಾಡಿದ ಗೂಡನ್ನೇ ತಿನ್ನುತ್ತಿದ್ದಳು. ಗೌರಿಯದೂ ಇದೇ ಕತೆ. ಅವ್ವ ಬೈಯೋಕೆ ಶುರುಮಾಡಿದಳು. "ಬಂಜಿ ಅದಾವ ಎರಡೂ. ಮಾರಿ ಬ್ಯಾರೆ ಹೆಣ್ಣು ತಗೊಂಡು ಬಾ." ಗಂಗಿಗೆ ಕೊತ್ತಂಬರಿ ಕಡಿಮೆಯಾಯಿತು. ಸಾವ್ಕಾರನಿಗೆ ಜಾಸ್ತಿಯಾಯಿತು.

ನಿನ್ನೆ ದನದ ಡಾಕ್ಟರ ಹತ್ತಿರ ಹೋದೆವು. ಅವ್ವನೂ ಬಂದಿದ್ದಳು. ಡಾಕ್ಟರು ಗಂಗಿಯನ್ನು ಮುಟ್ಟಲೂ ಇಲ್ಲ. "ಹೆಣ್ಣಿಂದೇನಿಲ್ರಿ. 30 ಡಿಗ್ರಿ ದಾಟಿ ಹಂಗೇ ನಿಂತ್ರ ಗಂಡು ಮೊಲದ ಬೀಜ ಕೆಡ್ತದ. ಮಳಿ ಬಿದ್ದು ತಂಪಾದ ಮ್ಯಾಲೂ ಒಂದೂವರೆ ಎರಡು ತಿಂಗಳು ಬೇಕು ಸರಿ ಆಗ್ಲಿಕ್ಕೆ" ಅಂದರು. ಹೆಣ್ಣು ಮೊಲಕ್ಕೆ ಕೂಡಿದ ಮೇಲೇ ಅಂಡ ಬಿಡುಗಡೆ ಆಗುವುದು. ಬೀಜ ಪೊಳ್ಳಿದ್ದರೂ ಅದರ ಮೈ ಬಸಿರು ಅಂತಲೇ ನಂಬಿ, ಹದಿನಾರು ಹದಿನೆಂಟು ದಿನಕ್ಕೆ ಗೂಡು ಕಟ್ಟುತ್ತದೆ. ಹಾಗಾಗಿ ಗಂಗಿ ಸುಳ್ಳು ಹೇಳಿರಲಿಲ್ಲ. ಹೊರಡುವಾಗ ಕೊಡದ ವಿಷಯವನ್ನೂ ಹೇಳಿದೆ. ಇನ್ನು ಮೇಲೆ ಕಿವಿಯನ್ನಷ್ಟೇ ಒದ್ದೆ ಮಾಡಿ ಅಂದರು, ನಗು ತಡೆದುಕೊಂಡು.

ಆಟೋದಲ್ಲಿ ಅವ್ವ ಮಾತಾಡಲಿಲ್ಲ. ಅವ್ವನ ಅಕ್ಕ, ಲಿಂಗಸುಗೂರಿನ ನಮ್ಮ ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ಎಷ್ಟು ಹರಕೆ, ಎಷ್ಟು ಉಪವಾಸ, ಯಾರ ಯಾರ ಔಷಧಿ. ಕುಬಸದ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಳು. ದೊಡ್ಡಪ್ಪನನ್ನು ಒಂದು ಸಲವೂ ಯಾರೂ ಡಾಕ್ಟರ ಹತ್ತಿರ ಕರೆದೊಯ್ದ ನೆನಪು ನನಗಿಲ್ಲ. ಈಗ ಇಬ್ಬರೂ ಇಲ್ಲ. ಮನೆ ಹತ್ತಿರ ಬಂದಾಗ ಅವ್ವ, "ಗಂಗೀಗೆ ಸುಮ್ನ ಬೈದೆ ನೋಡು" ಅಂದಳು. ಇಳಿದವಳೇ ಸಾವ್ಕಾರನ ಪಂಜರದ ಐಸ್ ಬಾಟಲಿ ಕಿತ್ತು ಗಂಗಿಗೆ ಕೊಟ್ಟಳು. ತಂಪು ಬೇಕಿರುವುದೇ ಅವನಿಗೆ ಅಂತ ನಾನು ತಿರುಗಿ ಇಟ್ಟೆ. ಅವಳು ತಿರುಗಿ ತೆಗೆದಳು. ನಿನ್ನೆಯಿಂದ ಇದೇ ನಡೆದಿದೆ.

ಈಗ ಮೂರೂವರೆ. ಕರೆಂಟ್ ಹೋಗಿ ಕೂಲರ್ ನಿಂತಿದೆ. ಫ್ರೀಜರಿನ ಆರು ಬಾಟಲಿಯಲ್ಲಿ ಮೂರು ಪಂಜರಕ್ಕೆ ಹೋದವು, ಇನ್ನು ಮೂರು ಉಳಿದಿವೆ. ಒಂದನ್ನು ನಾನೇ ಕಾಲ ಮೇಲೆ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕೂಲರಿನ ಸದ್ದಿಲ್ಲದ್ದಕ್ಕೆ ಅಂಗಳದಿಂದ ಅವ್ವನ ದನಿ ಸ್ವಚ್ಛ ಕೇಳುತ್ತಿದೆ. ಎಂಟೂ ಊರಿಗೆ ಮತ್ತೆ ಫೋನು. ಗಂಗಿಯ ಮೇಲಿನ ಅಪವಾದ ತೆಗೆಯಬೇಕಲ್ಲ.

"ಹೆಣ್ಣಿಂದೇನೂ ತಪ್ಪಿಲ್ಲಂತ. ನಮ್ಮ ಮನಿ ಗಂಡಿಂದೇ ದೋಷ ಅಂತ. ಹ್ಞೂಂ, ನಿನ್ನೆ ಡಾಕ್ಟರ ಹಂತ್ಯಾಕ ನಾನೇ ಕರ್ಕೊಂಡು ಹೋಗಿದ್ದೆ."

ಪಕ್ಕದ ಮಾಳಿಗೆ ಮೇಲೆ ಸಂಡಿಗೆ ಕಾಯುತ್ತಿದ್ದವರು ಬಗ್ಗಿ ನನ್ನ ಕಡೆಗೆ ನೋಡುತ್ತಿದ್ದಾರೆ. ನನ್ನ ಫೋನೂ ಹೊಡೆದುಕೊಳ್ಳುತ್ತಿದೆ. ಪುಣೆ.