ಪೇಷಂಟ್ ಕಡೆಯವರು ಯಾರು?

ನಮ್ಮಲ್ಲಿ ಐಸಿಯು ಬಾಗಿಲು ತೆರೆದು ಹೊರಗೆ ಬಂದವರು ಮೊದಲು ಕೇಳುವುದು ಇದನ್ನೇ: ‘ಪೇಷಂಟ್ ಕಡೆಯವರು ಯಾರು?’ ಬೆಂಚಿನ ಮೇಲಿದ್ದ ನಾಲ್ಕೈದು ಜನ ಒಟ್ಟಿಗೆ ಎದ್ದು ನಿಲ್ಲುತ್ತಾರೆ. ದೊಡ್ಡ ಮಗ, ಅಳಿಯ, ಬಿಲ್ ಕಟ್ಟುತ್ತಿರುವ ತಮ್ಮ. ಮಾತುಕತೆಯೆಲ್ಲ ಇವರ ಜೊತೆಗೆ. ಒಳಗೆ ಮಲಗಿರುವವರಿಗೆ ಪೂರ್ತಿ ಎಚ್ಚರ ಇದ್ದರೂ, ‘ಅವ್ರಿಗೆ ಮಾತ್ರ ಹೇಳ್ಬೇಡಿ ಡಾಕ್ಟ್ರೇ, ಧೈರ್ಯ ಕಳ್ಕೊಳ್ತಾರೆ’ ಅನ್ನುವವರೇ ಜಾಸ್ತಿ.

ನಾನಿರುವ ಜರ್ಮನಿಯಲ್ಲಿ ಇದು ಪೂರ್ತಿ ಉಲ್ಟಾ. ಆಪರೇಷನ್ ಇದ್ದರೆ ಡಾಕ್ಟರು ರೋಗಿಗೇ ಬಾಯಿಬಿಟ್ಟು ವಿವರಿಸಬೇಕು. ಅವರಿಗೆ ಅರ್ಥವಾಗುವ ಹಾಗೆ ಹೇಳಬೇಕು, ಯೋಚಿಸಲು ಸಮಯ ಸಿಗುವಷ್ಟು ಮೊದಲೇ ಹೇಳಬೇಕು, ಸಹಿ ಹಾಕಿದ ಕಾಗದದ ಪ್ರತಿಯನ್ನೂ ಕೊಡಬೇಕು. 2013ರ ರೋಗಿಗಳ ಹಕ್ಕಿನ ಕಾನೂನಿನಲ್ಲೇ ಇದೆಲ್ಲ ಇದೆ. ರೋಗಿ ಒಪ್ಪದೆ ಮಗನಿಗೂ ರಿಪೋರ್ಟ್ ತೋರಿಸುವಂತಿಲ್ಲ. ಇಷ್ಟು ಬಿಗಿ ಯಾಕೆ ಅಂತ ಹೊಸದರಲ್ಲಿ ಅನಿಸುತ್ತದೆ. ಆದರೆ ಈ ದೇಶದಲ್ಲಿ ಹಿಟ್ಲರನ ಆಡಳಿತದಲ್ಲಿ, 1940-41ರಲ್ಲಿ ಮಾನಸಿಕ ರೋಗಿಗಳು, ಅಂಗವಿಕಲರು ಸೇರಿ 70 ಸಾವಿರಕ್ಕೂ ಹೆಚ್ಚು ಜನರನ್ನು ವಿಷಾನಿಲದ ಕೋಣೆಗಳಲ್ಲಿ ಕೊಂದರು. ಯಾರು ಸಾಯಬೇಕು ಅಂತ ಗುರುತು ಹಾಕಿದವರೇ ಡಾಕ್ಟರುಗಳು. 1947ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅಂಥ ಡಾಕ್ಟರುಗಳ, ಕೈದಿಗಳ ಮೇಲೆ ಪ್ರಯೋಗ ಮಾಡಿದ ಡಾಕ್ಟರುಗಳ ವಿಚಾರಣೆ ಮುಗಿದು ತೀರ್ಪು ಬಂದಾಗ ಅದರ ಜೊತೆ ಬಂದ ಹತ್ತು ನಿಯಮಗಳಲ್ಲಿ ಮೊದಲನೆಯದೇ, ಪ್ರಯೋಗಕ್ಕೆ ಒಳಗಾಗುವವನ ಸ್ವಂತ ಒಪ್ಪಿಗೆ.

ಈ ಬಿಗಿಗೆ ಇನ್ನೊಂದು ಮುಖವೂ ಇದೆ. ಪ್ರಜ್ಞೆ ತಪ್ಪಿ ಬಿದ್ದರೆ ‘ಹೆಂಡ್ತಿ ಇದಾಳಲ್ಲ, ಅವಳು ಹೇಳ್ತಾಳೆ’ ಅಂತ ನಾವು ಕನ್ನಡದವರು ಇಲ್ಲಿ ಆರಾಮಾಗಿ ಇರುತ್ತೇವೆ. 2022ರ ಕೊನೆಯವರೆಗೆ ಹೆಂಡತಿಗೂ ಆ ಹಕ್ಕು ತಾನಾಗಿ ಬರುತ್ತಿರಲಿಲ್ಲ. ಮೊದಲೇ ಬರೆದುಕೊಟ್ಟಿರದಿದ್ದರೆ ಕೋರ್ಟು ಒಬ್ಬರನ್ನು ನೇಮಿಸುತ್ತಿತ್ತು. 2023ರಿಂದ ಗಂಡ ಹೆಂಡತಿಗೆ ಚಿಕಿತ್ಸೆಯ ವಿಷಯದಲ್ಲಿ ಆರು ತಿಂಗಳ ಮಟ್ಟಿಗೆ ಹಕ್ಕು ಸಿಕ್ಕಿದೆ. ಬೆಳೆದ ಮಕ್ಕಳಿಗೆ ಈಗಲೂ ಇಲ್ಲ.

ಅದಕ್ಕೇ ಇಲ್ಲಿನವರು ಬರೆದಿಡುತ್ತಾರೆ. ನಮ್ಮ ಮೇಲಿನ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿ ಅಡುಗೆಮನೆಯ ಶೆಲ್ಫಿನಲ್ಲಿ, ಬ್ರೆಡ್ ಡಬ್ಬಿಯ ಪಕ್ಕ ಒಂದು ಕೆಂಪು ಫೈಲ್ ಇಟ್ಟಿದ್ದಾರೆ. ಬೀಗದ ಕೈ ನಮ್ಮ ಹತ್ತಿರ ಇರುವುದರಿಂದ ಒಮ್ಮೆ ಕರೆದು ತೋರಿಸಿದರು. ಒಂದು ಕಾಗದದಲ್ಲಿ ಯಾವ ಸ್ಥಿತಿಯಲ್ಲಿ ವೆಂಟಿಲೇಟರ್ ಬೇಡ, ಮೂಗಿನ ನಳಿಕೆಯಲ್ಲಿ ಊಟ ಬೇಡ, ನೋವಿಗೆ ಮಾತ್ರ ಔಷಧಿ ಇರಲಿ ಅಂತ ಬಿಡಿಬಿಡಿಯಾಗಿ ಬರೆದಿದೆ. ಸುಮ್ನೆ ‘ಜೀವ ಎಳೆಯುವ ಚಿಕಿತ್ಸೆ ಬೇಡ’ ಅಂದರೆ ಸಾಲದು ಅಂತ 2016ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟೇ ಹೇಳಿದೆ. ಇನ್ನೊಂದು ಕಾಗದದಲ್ಲಿ ಅವರ ಪರವಾಗಿ ಮಾತಾಡುವವರ ಹೆಸರು. ಅಜ್ಜಿಗೆ ಬೇರೆ ಊರಿನಲ್ಲಿ ಮಗಳಿದ್ದಾಳೆ. ಬರೆದಿದ್ದು ಮಾತ್ರ ವಾರವಾರ ಇಸ್ಪೀಟು ಆಡಲು ಬರುವ ಗೆಳತಿಯ ಹೆಸರು. ಯಾಕೆ ಅಂದೆ. ‘ಅವಳಿಗೆ ನನ್ನ ವಿಷಯ ಗೊತ್ತು’ ಅಂದರು.

ನನಗೆ ಆ ಫೈಲಿನಲ್ಲಿ ಇಷ್ಟವಾಗಿದ್ದು ಈ ಎರಡನೇ ಕಾಗದ. ಮೊದಲನೆಯದು ನಮ್ಮ ಮನೆಗಳಲ್ಲಿ ನಡೆಯುವುದು ಕಷ್ಟ. ಹಬ್ಬದ ದಿನ ಊಟಕ್ಕೆ ಕೂತಾಗ ವೆಂಟಿಲೇಟರ್ ಸುದ್ದಿ ತೆಗೆದರೆ ‘ಬಿಡ್ತು ಅನ್ನು’ ಅಂತ ಅಲ್ಲೇ ನಿಲ್ಲಿಸುತ್ತಾರೆ. ಆದರೆ ‘ನಿಮ್ಮ ಬದಲಿಗೆ ಯಾರನ್ನ ಕೇಳ್ಬೇಕಮ್ಮ?’ ಅಂತ ಕೇಳಬಹುದು.

ನಮ್ಮಲ್ಲೂ ಈಗ ಇದಕ್ಕೆ ಕಾನೂನಿನ ದಾರಿ ಇದೆ. ಸುಪ್ರೀಂ ಕೋರ್ಟು 2018ರಲ್ಲಿ ಲಿವಿಂಗ್ ವಿಲ್, ಅಂದರೆ ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಪತ್ರವನ್ನು ಒಪ್ಪಿತು. ಆದರೆ ಮ್ಯಾಜಿಸ್ಟ್ರೇಟರ ಸಹಿ ಬೇಕು ಅಂತ ಹಾಕಿದ ಷರತ್ತಿನಿಂದ ಅದು ಕಾಗದದಲ್ಲೇ ಉಳಿಯಿತು. 2023ರಲ್ಲಿ ಸಡಿಲ ಮಾಡಿ, ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು ಅಂದಿತು. ಕರ್ನಾಟಕ 2025ರ ಜನವರಿ 30ರಂದು ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ಪತ್ರ ಇದೆ ಅಂದಕೂಡಲೇ ಯಾರೂ ಮೆಷಿನ್ ಆಫ್ ಮಾಡುವುದಿಲ್ಲ, ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು. ಆ ಪತ್ರದಲ್ಲಿ ನಮ್ಮ ಪರವಾಗಿ ಒಪ್ಪಿಗೆ ಕೊಡುವವರ ಹೆಸರು ಇರಲೇಬೇಕು. ಒಬ್ಬರಿಗಿಂತ ಹೆಚ್ಚು ಜನರ ಹೆಸರು ಬರೆಯಬಹುದು.

ಯಾರ ಹೆಸರು? ದೊಡ್ಡ ಮಗನದು ಅಂತ ನಮ್ಮ ಕೈ ತಾನಾಗಿ ಬರೆಯುತ್ತದೆ. ಆ ಮಗ ಬಹಳ ಸಲ ನನ್ನ ಹಾಗೆ ಹೊರದೇಶದಲ್ಲಿರುವವನು. ಅವನ ಹೆಸರು ಮೊದಲು ಬರೆಯಬೇಡಿ ಅಂತ ಅವನ ಜಾತಿಯವನೇ ಆದ ನಾನು ಹೇಳುತ್ತೇನೆ. ಎರಡು ವರ್ಷಕ್ಕೊಮ್ಮೆ ಬರುವ ನಮಗೆ ಅಪ್ಪ ಎಷ್ಟು ಸೋತಿದ್ದಾರೆ ಅನ್ನುವುದು ಕಣ್ಣಿಗೆ ಬಿದ್ದಿರುವುದಿಲ್ಲ. ವಿಡಿಯೋ ಕಾಲ್‌ನಲ್ಲಿ ಎಲ್ಲರೂ ಹುಷಾರಾಗೇ ಕಾಣುತ್ತಾರೆ. ಕೊನೆಗೆ ವಿಮಾನ ಇಳಿದು ನೇರ ಆಸ್ಪತ್ರೆಗೆ ಬಂದು, ‘ದುಡ್ಡಿನ ಚಿಂತೆ ಬೇಡ, ಎಲ್ಲಾ ಮಾಡಿ’ ಅಂತ ಗುಡುಗುತ್ತೇವೆ. ಅಲ್ಲಿಯವರೆಗೆ ಹಾಸಿಗೆ ಬದಲಿಸಿದ ತಂಗಿ ಗೋಡೆಗೆ ಒರಗಿ ಸುಮ್ಮನೆ ನಿಂತಿರುತ್ತಾಳೆ. ಅಮೆರಿಕದ ಡಾಕ್ಟರುಗಳು ಇಂಥವರಿಗೆ ‘ಕ್ಯಾಲಿಫೋರ್ನಿಯಾದ ಮಗಳು’ ಅಂತ ಅಡ್ಡಹೆಸರೇ ಇಟ್ಟಿದ್ದಾರೆ. 1991ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯ ಲೇಖನಕ್ಕೆ ಅದೇ ಹೆಸರು ಬಂತು.

ಹತ್ತಿರದವರು ಅಂದರೆ ಯಾರು ಅಂತ ನಮ್ಮ ಸುಪ್ರೀಂ ಕೋರ್ಟೇ ಒಮ್ಮೆ ಯೋಚಿಸಬೇಕಾಗಿ ಬಂದಿತ್ತು. ಅರುಣಾ ಶಾನಭಾಗ ಅವರ ಪ್ರಕರಣದಲ್ಲಿ. ಹೊನ್ನಾವರ ಹತ್ತಿರದ ಹಳದೀಪುರದಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆದವರು. 1973ರ ನವೆಂಬರ್‌ನಲ್ಲಿ ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಅತ್ಯಾಚಾರ ಮಾಡಿದ. ಮಿದುಳಿಗೆ ಆದ ಪೆಟ್ಟಿನಿಂದ ಅವರು ಮತ್ತೆ ಎದ್ದೇಳಲಿಲ್ಲ. 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೂ ಅಲ್ಲಿನ ನರ್ಸ್‌ಗಳೇ ಊಟ ಮಾಡಿಸಿದರು, ಮೈ ಒರೆಸಿದರು, ಹಾಸಿಗೆ ಬದಲಿಸಿದರು. ಆಹಾರ ನಿಲ್ಲಿಸಿ ಅವರನ್ನು ಬಿಡುಗಡೆ ಮಾಡಿ ಅಂತ ಪತ್ರಕರ್ತೆ ಪಿಂಕಿ ವಿರಾನಿ ಹಾಕಿದ ಅರ್ಜಿಯನ್ನು ಕೋರ್ಟು 2011ರಲ್ಲಿ ತಳ್ಳಿಹಾಕಿತು. ಅರುಣಾ ಪರವಾಗಿ ಮಾತಾಡುವ ಹಕ್ಕು ಹಗಲು ರಾತ್ರಿ ನೋಡಿಕೊಂಡ ಕೆಇಎಂ ಸಿಬ್ಬಂದಿಗೇ ಇರುವುದು ಅಂದಿತು. ನಿಷ್ಕ್ರಿಯ ದಯಾಮರಣಕ್ಕೆ, ಅಂದರೆ ಜೀವ ಹಿಡಿದಿಡುವ ಚಿಕಿತ್ಸೆ ನಿಲ್ಲಿಸಿ ಸಾಯಲು ಬಿಡುವುದಕ್ಕೆ, ದೇಶದಲ್ಲಿ ದಾರಿ ತೆರೆದಿದ್ದೂ ಅದೇ ತೀರ್ಪು. ಅರುಣಾ ಬದುಕಿರಲಿ ಅಂತ ಆ ನರ್ಸ್‌ಗಳು ಕೇಳಿದ್ದು ಸರಿಯೋ ತಪ್ಪೋ, ನನಗೆ ಇವತ್ತಿಗೂ ತೀರ್ಮಾನಕ್ಕೆ ಬರಲು ಆಗಿಲ್ಲ. ಆದರೆ ಕೇಳಬೇಕಾದವರನ್ನೇ ಕೋರ್ಟು ಕೇಳಿತು.

ನಮ್ಮಮ್ಮ ಸಾಗರದಲ್ಲಿದ್ದಾರೆ. ಇನ್ಸುಲಿನ್ ಚುಚ್ಚುವುದು, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ಎಲ್ಲಾ ತಂಗಿ. ಹೆಸರು ಅವಳದ್ದೇ ಮೊದಲು ಬರಲಿ ಅಂದಾಗ ಅಮ್ಮ ತಕರಾರು ಮಾಡಲಿಲ್ಲ. ಅವರಿಗಿದ್ದ ಅನುಮಾನ ಬೇರೆ. ‘ಬರೆದುಕೊಟ್ಟ ಮೇಲೆ ನಂಗೆ ಮನಸ್ಸು ಬದ್ಲಾದ್ರೆ?’ ವಾಪಸ್ ತಗೋಬಹುದು. ಆದರೆ ನಮ್ಮಲ್ಲಿ ಅದನ್ನೂ ಬರೆದೇ ಕೊಡಬೇಕು. ಜರ್ಮನಿಯಲ್ಲಿ ಬಾಯಲ್ಲಿ ಹೇಳಿದರೆ ಸಾಕು, ತಲೆ ಅಲ್ಲಾಡಿಸಿದರೂ ನಡೆಯುತ್ತದೆ. ಹಾಸಿಗೆ ಹಿಡಿದವರ ಕೈಗೆ ಪೆನ್ನು ಕೊಟ್ಟು ಬರೆಯಿರಿ ಅನ್ನುವ ಈ ನಿಯಮವನ್ನಾದರೂ ನಮ್ಮವರು ಬದಲಿಸಬೇಕು.